ಡ್ರೆಸ್ ಹಾಕಿದ್ರೆ ಗನ್ ಜೋರಾಗುತ್ತಾ? ಶೂಟರ್ ಆಟಗಳ ಸ್ಕಿನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಕೂತು ಪ್ರತಿ ಭಾನುವಾರ ರಾತ್ರಿ ನಾನೊಂದು ಕಸ್ಟಮ್ ರೂಮ್ ನಡೆಸುತ್ತೇನೆ, ಅಂದರೆ ಐಡಿ, ಪಾಸ್‌ವರ್ಡ್ ಇದ್ದವರು ಮಾತ್ರ ಸೇರಿ ಆಡೋ ಮ್ಯಾಚ್. ಹೆಚ್ಚಿನ ವಾರ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ತಿಂಗಳಿಗೊಮ್ಮೆ ಫ್ರೀ ಫೈರ್ ಮ್ಯಾಕ್ಸ್. ಎರಡೂ ಫೋನಿನಲ್ಲಿ ಆಡೋ ಶೂಟರ್ ಆಟಗಳು. ಆಡುವವರಲ್ಲಿ ಅರ್ಧ ಜನ ಮೈಸೂರಿನವರು. ಉಳಿದವರು ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆಯವರು. ಆಟ ಮುಗಿದ ಮೇಲೆ ಆಗುವ ಜಗಳದಲ್ಲಿ ಮುಕ್ಕಾಲು ಪಾಲು ಬಟ್ಟೆ ಬಗ್ಗೆಯೇ, ಅಂದರೆ ಸ್ಕಿನ್ ಬಗ್ಗೆ. ಸ್ಕಿನ್ ಅಂದರೆ ಆಟದ ಪಾತ್ರಕ್ಕೋ ಗನ್ನಿಗೋ ತೊಡಿಸೋ ಬಟ್ಟೆ, ಬಣ್ಣ. "ಅವನು ಗೆದ್ದಿದ್ದು ಸ್ಕಿನ್‌ನಿಂದ ಅಣ್ಣ", "ಕಪ್ಪು ಡ್ರೆಸ್ ಹಾಕಿದ್ದ, ಕಾಣ್ಲೇ ಇಲ್ಲ ಕಣಣ್ಣ". ಒಂದೇ ಉತ್ತರವನ್ನು ವಾರವಾರ ಟೈಪ್ ಮಾಡಿ ಸಾಕಾಗಿದೆ. ಅದಕ್ಕೆ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ. ಇನ್ನು ಮೇಲೆ ಕೇಳಿದರೆ ಇದನ್ನೇ ತೋರಿಸುತ್ತೇನೆ.

ಸ್ಕಿನ್ ಹಾಕಿದರೆ ಡ್ಯಾಮೇಜ್ ಜಾಸ್ತಿ ಆಗುತ್ತಾ?

ಯಾವ ಆಟ ಅನ್ನೋದರ ಮೇಲೆ ಹೋಗುತ್ತೆ. ಬಿಜಿಎಂಐಯಲ್ಲಿ ಆಗಲ್ಲ. ಗ್ಲೇಸಿಯರ್ ಸ್ಕಿನ್ ಇರುವ ಎಂ416 ಗುಂಡಿಗೂ, ಯಾವುದೋ ಶೆಡ್ಡಿನಲ್ಲಿ ಈಗಷ್ಟೇ ಸಿಕ್ಕಿದ ಬೋಳು ಎಂ416 ಗುಂಡಿಗೂ ಏಟು ಒಂದೇ. ಎಫೆಕ್ಟ್ ಚೆನ್ನಾಗಿ ಬರುತ್ತೆ, ಕಿಲ್ ಮೆಸೇಜ್ ಹೊಳೆಯುತ್ತೆ, ಅಷ್ಟೇ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್, ಫೋರ್ಟ್‌ನೈಟ್‌ನಲ್ಲೂ ಇದೇ ಕಥೆ.

ಫ್ರೀ ಫೈರ್ ಮಾತ್ರ ಬೇರೆ. ಅಲ್ಲಿ ಎಷ್ಟೋ ಗನ್ ಸ್ಕಿನ್‌ಗಳ ಪಕ್ಕದಲ್ಲೇ ಪ್ಲಸ್, ಮೈನಸ್ ಗುರುತು ಇರುತ್ತೆ. ಒಂದಕ್ಕೆ ಡ್ಯಾಮೇಜ್ ಜಾಸ್ತಿ, ರೀಲೋಡ್ ನಿಧಾನ. ಇನ್ನೊಂದಕ್ಕೆ ರೇಟ್ ಆಫ್ ಫೈರ್ ಜಾಸ್ತಿ, ಮ್ಯಾಗಜಿನ್ ಚಿಕ್ಕದು. ಹಾಗಾಗಿ "ಸ್ಕಿನ್ ಬರೀ ಶೋಕಿ" ಅಂತ ಬಿಜಿಎಂಐ ಹುಡುಗ, "ಸ್ಕಿನ್ ಇಲ್ದೆ ಆಡೋದು ವೇಸ್ಟ್" ಅಂತ ಫ್ರೀ ಫೈರ್ ಹುಡುಗ ಜಗಳ ಆಡುತ್ತಿದ್ದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಬೇರೆ ಬೇರೆ ಆಟದ ನಿಜ.

ಸರಿ, ಆದರೆ ಜಾಸ್ತಿ ಆಗಬೇಕಾ? ದುಡ್ಡು ಕೊಟ್ಟವನಿಗೆ ಏನಾದ್ರೂ ಸಿಗಬೇಡ್ವಾ?

ಬೇಡ. ಚೆಂದ ಸಿಕ್ಕಿದೆಯಲ್ಲ, ಸಾಕು.

ಇದನ್ನು ಮಾಡಿ ನೋಡಿದವರೂ ಇದ್ದಾರೆ. ಟೀಮ್ ಫೋರ್ಟ್ರೆಸ್ 2 ಅಂತ ಒಂದು ಆಟ, ವಾಲ್ವ್ ಕಂಪನಿಯದು, 2007ರಲ್ಲಿ ಬಂತು. ಒಂಬತ್ತು ಪಾತ್ರಗಳು. ದೂರದಿಂದ ನೆರಳು ಕಂಡರೂ ಇವನು ಯಾರು ಅಂತ ಗೊತ್ತಾಗಬೇಕು ಅಂತಲೇ ಒಬ್ಬೊಬ್ಬರ ಆಕಾರವನ್ನು ಬೇರೆ ಬೇರೆ ಮಾಡಿದ್ದರು. 2009ರಲ್ಲಿ ಅದಕ್ಕೆ ಟೋಪಿಗಳು ಬಂದವು. ಸುಮ್ನೆ ತಮಾಷೆಗೆ. 2010ರ ಸೆಪ್ಟೆಂಬರ್ 30ರಂದು ಆಟದೊಳಗೇ ಅಂಗಡಿ ತೆರೆದರು. ಜೊತೆಗೆ ಸೆಟ್‌ಗಳು ಬಂದವು. ಸೆಟ್ ಅಂದರೆ ಕೆಲವು ಆಯುಧ, ಮೇಲೆ ಒಂದು ಟೋಪಿ. ಎಲ್ಲವನ್ನೂ ಒಟ್ಟಿಗೆ ಹಾಕಿಕೊಂಡರೆ ಒಂದು ಲಾಭ.

ಆ ಲಾಭ ಎಂಥದ್ದು ಅಂತ ನೋಡಿ. ಸ್ಕೌಟ್ ಅನ್ನೋ ಪಾತ್ರಕ್ಕೆ ಇರೋದೇ 125 ಹೆಲ್ತ್. ಸೆಟ್ ಪೂರ್ತಿ ಹಾಕಿದರೆ 25 ಜಾಸ್ತಿ. ಸ್ನೈಪರ್ ತನ್ನ ಸೆಟ್ ಹಾಕಿದರೆ ಎದುರಿನ ಸ್ನೈಪರ್ ಹೊಡೆದ ಹೆಡ್‌ಶಾಟ್‌ಗೆ ಸಾಯುತ್ತಿರಲಿಲ್ಲ! ಆಯುಧಗಳು ಆಡ್ತಾ ಆಡ್ತಾ ಸಿಗುತ್ತಿದ್ದವು. ಟೋಪಿ ಸಿಗೋದು ಅಪರೂಪ. ಕಾಯಬೇಕು, ಬದಲಿ ಮಾಡಿಕೊಳ್ಳಬೇಕು, ಇಲ್ಲಾ ಅಂಗಡಿಗೆ ಹೋಗಬೇಕು. ಅಂದರೆ ಇಬ್ಬರ ಕೈಯಲ್ಲೂ ಅದೇ ಬಂದೂಕು. ಒಬ್ಬನ ತಲೆ ಮೇಲೆ ಟೋಪಿ ಇದೆ, ಅವನು ಬದುಕುತ್ತಾನೆ. ಇನ್ನೊಬ್ಬನ ತಲೆ ಬೋಳು, ಅವನು ಸಾಯುತ್ತಾನೆ. ಗುರಿ ಇಟ್ಟು ಹೊಡೆದವನಿಗೆ ಏನನ್ನಿಸಬೇಕು? 2013ರಲ್ಲಿ ಆ ಟೋಪಿ ಲೆಕ್ಕವನ್ನು ವಾಲ್ವ್ ಕಂಪನಿಯೇ ತೆಗೆದುಹಾಕಿತು. ಟೋಪಿ ಮತ್ತೆ ಬರೀ ಟೋಪಿ ಆಯಿತು. ಜನ ಟೋಪಿ ಕೊಳ್ಳೋದನ್ನು ನಿಲ್ಲಿಸಲಿಲ್ಲ ಅನ್ನೋದೇ ಇದರಲ್ಲಿ ಮಜಾ.

ಮೈಸೂರು ಪೇಟ ತೊಡಿಸಿ ಸನ್ಮಾನ ಮಾಡುತ್ತಾರಲ್ಲ, ಹಾಗೆ. ಪೇಟ ಹಾಕಿಸಿಕೊಂಡವರು ಮೆಟ್ಟಿಲು ಬೇಗ ಹತ್ತಲ್ಲ. ಆದರೂ ಎಲ್ಲರಿಗೂ ಬೇಕು.

ಅಂದ್ರೆ ನಂಬರ್ ಬದಲಾಗದಿದ್ದರೆ ಸ್ಕಿನ್‌ನಿಂದ ಆಟಕ್ಕೆ ಏನೂ ಆಗಲ್ಲ ಅಂತಾನಾ?

ಇಲ್ಲ. ನಾನು ಜಗಳ ಆಡೋದು ಇದೇ ಜಾಗದಲ್ಲಿ. "ಬರೀ ಕಾಸ್ಮೆಟಿಕ್, ನೋಡೋಕೆ ಮಾತ್ರ" ಅಂತಾರಲ್ಲ, ಶೂಟರ್ ಆಟದಲ್ಲಿ ನೋಡೋದೇ ಆಟ. ಮೊದಲು ಕಂಡವನು ಮೊದಲು ಹೊಡೆಯುತ್ತಾನೆ. ಹಾಗಿರುವಾಗ ಕಾಣೋ ರೀತಿಯನ್ನು ಬದಲಾಯಿಸಿ "ಆಟಕ್ಕೆ ಏನೂ ಆಗಲ್ಲ" ಅಂದರೆ ಹೇಗೆ?

ಕಾಲ್ ಆಫ್ ಡ್ಯೂಟಿ ವಾರ್‌ಜೋನ್‌ನಲ್ಲಿ ರೋಜ್ ಅನ್ನೋ ಪಾತ್ರಕ್ಕೆ ಒಂದು ಸ್ಕಿನ್ ಇತ್ತು. ತಲೆಯಿಂದ ಕಾಲಿನ ತನಕ ಕಪ್ಪು, ಮುಖವೂ ಕಾಣಲ್ಲ. ಡ್ಯಾಮೇಜ್ ಒಂದು ಪಾಯಿಂಟ್ ಕೂಡ ಜಾಸ್ತಿ ಇರಲಿಲ್ಲ. ಆದರೆ ಮನೆಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ಕೂತರೆ ನೆರಳು ಯಾವುದು, ಮನುಷ್ಯ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಜನ ಬೈದು ಬೈದು, ಕೊನೆಗೆ 2021ರಲ್ಲಿ ಅದರ ಬಣ್ಣವನ್ನು ತಿಳಿ ಮಾಡಿದರು. ಅಂದರೆ ಅದು ಬರೀ ಬಟ್ಟೆ ಆಗಿರಲಿಲ್ಲ ಅಂತ ಒಪ್ಪಿಕೊಂಡ ಹಾಗಾಯ್ತು ಅಲ್ವಾ?

ಗರಡಿ ಮನೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಸರಾ ಕುಸ್ತಿ ನೋಡೋಕೆ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣಕ್ಕೆ ಹೋದಾಗ ಶುರುವಿನ ಅರ್ಧ ನಿಮಿಷವನ್ನು ಸರಿಯಾಗಿ ಗಮನಿಸಿ. ಪೈಲ್ವಾನರು ಬಗ್ಗಿ ಮಟ್ಟಿಯ ಮಣ್ಣು ತೆಗೆದು ಮೈಗೆ ಹಾಕಿಕೊಳ್ಳುತ್ತಾರೆ, ಎದುರಿನವನ ಮೈಗೂ ಎರಚುತ್ತಾರೆ. ಬೆವರಿಗೆ ಹಿಡಿತ ಜಾರಬಾರದು ಅಂತ. ಲಂಗೋಟಿ ಕೆಂಪೋ ನೀಲಿಯೋ ಯಾರೂ ಕೇಳಲ್ಲ. ಮೈಗೆ ಎಣ್ಣೆ ಹಚ್ಚಿಕೊಂಡು ಬಂದು ನೋಡಲಿ, ಆಗ ಕೇಳುತ್ತಾರೆ. ಎಣ್ಣೆ ಹಚ್ಚಿದವನ ತೋಳಿಗೆ ಗುಂಜಿಯಷ್ಟೂ ಬಲ ಜಾಸ್ತಿ ಆಗಿರಲ್ಲ. ಆದರೆ ಎದುರಾಳಿಯ ಕೈ ಜಾರುತ್ತೆ.

ನಮ್ಮ ರೂಮಿನಲ್ಲಿ ಈಗ ಇದೇ ಮಾತು ಚಾಲ್ತಿಗೆ ಬಂದಿದೆ. ಹೊಸ ಸ್ಕಿನ್ ಬಂದರೆ ಕೇಳೋದು ಒಂದೇ: ಇದು ಲಂಗೋಟಿನಾ, ಎಣ್ಣೆನಾ? ರೋಜ್ ಸ್ಕಿನ್ ಎಣ್ಣೆ. ಬಿಜಿಎಂಐಯಲ್ಲಿ ಮೈ ತುಂಬಾ ಮಿಂಚು ಹೊಡೆಯೋ ಎಕ್ಸ್ ಸೂಟ್ ಅನ್ನೋ ಡ್ರೆಸ್ ಲಂಗೋಟಿ.

ಹಸಿರು ಡ್ರೆಸ್ ಹಾಕಿ ಹುಲ್ಲಲ್ಲಿ ಮಲಗಿದ್ರೆ ಕಾಣಲ್ಲ ಅಲ್ವಾ?

ಈ ಪ್ರಶ್ನೆಗೆ ಒಂದು ಕಥೆಯೇ ಇದೆ. ಮಂಡ್ಯದ ಕಡೆ ಹುಡುಗನೊಬ್ಬ ರೂಮಿಗೆ ಬರುತ್ತಾನೆ. ಮನೆಯಲ್ಲಿ ಕಬ್ಬಿನ ಗದ್ದೆ. ಅವನ ವಾದ ಏನಂದರೆ, "ಕಬ್ಬಲ್ಲಿ ಹಸಿರು ಟವಲ್ ಹೊದ್ದು ಕೂತ್ರೆ ಪಕ್ಕದಲ್ಲೇ ಹೋದ್ರೂ ಯಾರ್ಗೂ ಗೊತ್ತಾಗಲ್ಲ ಅಣ್ಣ. ಇದೂ ಅಷ್ಟೇ." ಉಳಿಸಿಟ್ಟ ಯುಸಿ (ದುಡ್ಡು ಕೊಟ್ಟು ಕೊಳ್ಳೋ ಆಟದೊಳಗಿನ ನಾಣ್ಯ) ಎಲ್ಲಾ ಸುರಿದು ಕಡು ಹಸಿರು ಡ್ರೆಸ್ ತಗೊಂಡ.

ಎರಾಂಗೆಲ್ ಮ್ಯಾಪ್, ಆಡೋ ಜಾಗ ಕುಗ್ಗಿ ಕುಗ್ಗಿ ಕೊನೆಯ ಸರ್ಕಲ್, ಉಳಿದಿರೋದು ಮೂರು ಜನ. ನಾನು ಹೊರಗಿನಿಂದ ನೋಡುತ್ತಿದ್ದೆ. ಇವನು ಬಯಲಿನಲ್ಲಿ ಹುಲ್ಲಿನ ಮಧ್ಯೆ ಬೋರಲು ಮಲಗಿದ್ದಾನೆ. ಅವನ ಫೋನಿನಲ್ಲಿ ನೋಡಿದರೆ ಸುತ್ತ ಹುಲ್ಲೋ ಹುಲ್ಲು, ಕೈ ಕೂಡ ಕಾಣಲ್ಲ. ಇನ್ನೂರು ಮೀಟರ್ ಆಚೆ ಗುಡ್ಡದ ಮೇಲೆ ಇನ್ನೊಬ್ಬ. ಅವನದು ಹಳೇ ಫೋನು, ಗ್ರಾಫಿಕ್ಸ್ ಸ್ಮೂತ್‌ನಲ್ಲಿ, ಅಂದರೆ ತೀರಾ ಕಮ್ಮಿ ಮಟ್ಟದಲ್ಲಿ ಇಟ್ಟಿದ್ದಾನೆ. ಸ್ಕೋಪ್ ಹಾಕಿದ. ಅಷ್ಟು ದೂರದ ಹುಲ್ಲನ್ನು ಆಟ ಬಿಡಿಸೋದೇ ಇಲ್ಲ. ಬೋಳು ನೆಲ, ಅದರ ಮೇಲೆ ಬಟ್ಟೆ ಒಣಗಲು ಹಾಕಿದ ಹಾಗೆ ಒಬ್ಬ ಹಸಿರು ಮನುಷ್ಯ. ಕಾರ್98 ಅನ್ನೋ ಸ್ನೈಪರ್ ಗನ್ನಿನಿಂದ ಒಂದೇ ಏಟು.

"ಕಬ್ಬು ಎಲ್ಲೋಯ್ತು ಅಣ್ಣ?" ಅಂದ. ಎರಡು ವಾರ ಎಲ್ಲರೂ ಅವನಿಗೆ ಅದೇ ಹೇಳಿ ರೇಗಿಸಿದರು.

ಹತ್ತಿರದ ಫೈಟ್‌ನಲ್ಲಿ ಹಸಿರು ಬಟ್ಟೆ ಸ್ವಲ್ಪ ಸಹಾಯ ಮಾಡಬಹುದು. ದೂರದಲ್ಲಿ ಹುಲ್ಲು ನಂಬಬೇಡಿ, ಮರ ಅಥವಾ ಬಂಡೆ ನಂಬಿ. ಇನ್ನೊಂದು ಮಾತು. ಒಂದೇ ಸ್ಕಿನ್ ಒಂದು ಫೋನಿನಲ್ಲಿ ಎಣ್ಣೆ, ಇನ್ನೊಂದು ಫೋನಿನಲ್ಲಿ ಬರೀ ಬಟ್ಟೆ. ಅದಕ್ಕೇ ಈ ಜಗಳ ಯಾವತ್ತೂ ಮುಗಿಯಲ್ಲ.

ಹಾಗಾದ್ರೆ ಗಿಲ್ಲಿ ಸೂಟ್? ಅದೂ ಬಟ್ಟೆ ತಾನೆ? ಅದಕ್ಕೆ ಯಾಕೆ ಬೈಯಲ್ಲ?

ಒಳ್ಳೆ ಪ್ರಶ್ನೆ. ಗಿಲ್ಲಿ ಸೂಟ್ ಅಂದರೆ ಮೈ ಪೂರ್ತಿ ಹುಲ್ಲಿನ ಥರ ಕಾಣೋ ವೇಷ. ಅದು ಇರೋದೇ ಅಡಗೋದಕ್ಕೆ, ಹಾಗಾಗಿ ಖಂಡಿತ ಎಣ್ಣೆಯೇ. ಆದರೆ ಅದು ಅಂಗಡಿಯಲ್ಲಿ ಸಿಗಲ್ಲ, ಏರ್‌ಡ್ರಾಪ್‌ನಲ್ಲಿ, ಅಂದರೆ ಮ್ಯಾಚ್ ಮಧ್ಯೆ ವಿಮಾನ ಎಸೆಯೋ ಪೆಟ್ಟಿಗೆಯಲ್ಲಿ ಬೀಳುತ್ತೆ. ವಿಮಾನದ ಸದ್ದು ಎಲ್ಲರಿಗೂ ಕೇಳುತ್ತೆ, ಹೊಗೆ ಎಲ್ಲರಿಗೂ ಕಾಣುತ್ತೆ. ಪ್ರಾಣ ಪಣಕ್ಕಿಟ್ಟು ಓಡಿಹೋದವನಿಗೆ ಸಿಗುತ್ತೆ. ಮ್ಯಾಚ್ ಮುಗಿದರೆ ಅದೂ ಮುಗೀತು. ಲೆವೆಲ್ 3 ಹೆಲ್ಮೆಟ್ ಇದ್ದ ಹಾಗೆ ಅದು ಆಟದ ಸಾಮಾನು. ನನ್ನ ತಕರಾರು ಮನೆಯಿಂದ ಹಚ್ಚಿಕೊಂಡು ಬಂದ ಎಣ್ಣೆ ಬಗ್ಗೆ.

ತುಂಬಾ ಜನ "ನಿಜವಾದ ಯುದ್ಧದಲ್ಲಿ ಬಟ್ಟೆ ಲೆಕ್ಕಕ್ಕೆ ಬರುತ್ತಲ್ಲ" ಅಂತಾರೆ. ಬರುತ್ತೆ. ಎಸ್ಕೇಪ್ ಫ್ರಮ್ ಟಾರ್ಕೋವ್ ಅನ್ನೋ ಆಟದಲ್ಲಿ ದಪ್ಪ ಆರ್ಮರ್ (ಕವಚ) ಹಾಕಿದರೆ ಗುಂಡು ತಡೆಯುತ್ತೆ, ಆದರೆ ನಡೆಯೋದು, ತಿರುಗೋದು ನಿಧಾನವಾಗುತ್ತೆ. ಆ ಆಟದ ಮಜಾವೇ ಆ ಲೆಕ್ಕಾಚಾರ. ಅಲ್ಲಿ ಆರ್ಮರ್ ಸೋಲುವಾಗ ಕಳೆದೂ ಹೋಗುತ್ತೆ. ಕಳೆದುಕೊಳ್ಳೋ ಭಯ ಇದ್ದರೆ ಅದು ಬೇರೆ ವಿಷಯ. ಕಾರ್ಡ್ ಉಜ್ಜಿ ತಗೊಂಡು ಯಾವತ್ತೂ ಕಳೆಯದೆ ಇರೋದು ಬೇರೆ ವಿಷಯ.

ದೊಡ್ಡ ಟೋಪಿ ಹಾಕಿದರೆ ತಲೆ ದೊಡ್ಡದಾಗಿ ಹೆಡ್‌ಶಾಟ್ ಸುಲಭ ಆಗುತ್ತಾ?

ಇಲ್ಲ. ಏಟು ಬೀಳೋದು ಹಿಟ್‌ಬಾಕ್ಸ್‌ಗೆ. ಅದು ಬಟ್ಟೆಯ ಒಳಗಿರುವ, ಕಣ್ಣಿಗೆ ಕಾಣದ ಮೈ. ಟೀಮ್ ಫೋರ್ಟ್ರೆಸ್‌ನ ಟೋಪಿಗಳ ಮೂಲಕ ಗುಂಡು ಸುಮ್ನೆ ಹಾದು ಹೋಗುತ್ತೆ. ಫೋರ್ಟ್‌ನೈಟ್‌ನಲ್ಲಿ ಬಾಳೆಹಣ್ಣಿನ ವೇಷ ಹಾಕಿದರೂ ಹಿಟ್‌ಬಾಕ್ಸ್ ಅದೇ. ಆದರೆ ಗೋಡೆ ಹಿಂದೆ ಕೂತಾಗ ಟೋಪಿಯ ತುದಿ ಮೇಲೆ ಕಾಣುತ್ತೆ, ಆಗ ನೀವು ಎಲ್ಲಿದ್ದೀರಿ ಅಂತ ಊರಿಗೆಲ್ಲಾ ಗೊತ್ತಾಗುತ್ತೆ. ಅದು ನಿಮ್ಮ ಕರ್ಮ.

ಬಟ್ಟೆ ಬಿಚ್ಚಿ ಆಡಿದ್ರೆ ಗುಂಡು ಕಮ್ಮಿ ಬೀಳುತ್ತಂತೆ?

ಸುಳ್ಳು.

ಬೆನ್ನಿಗೆ ತವಾ ಹಾಕ್ಕೊಂಡ್ರೆ ಗುಂಡು ತಡೆಯುತ್ತಂತೆ?

ಇದು ನಿಜ. ಆದರೆ ತವಾ ಸ್ಕಿನ್ ಅಲ್ಲ, ಆಯುಧ. ಯಾವ ಸ್ಕಿನ್ ಹಾಕಿದ್ದರೂ, ಹಾಕದೇ ಇದ್ದರೂ ತಡೆಯುತ್ತೆ. ಹಿಂದಿನಿಂದ ಹೊಡೆಸಿಕೊಂಡು "ಟಣ್" ಅಂತ ಸದ್ದು ಬಂದಾಗ ಆಗೋ ಖುಷಿಗೆ ಬೆಲೆ ಕಟ್ಟೋಕೆ ಆಗಲ್ಲ.

ಆಟ ಫ್ರೀ ಕೊಟ್ಟಿದ್ದಾರೆ. ಸ್ಕಿನ್‌ಗೆ ಪವರ್ ಕೊಡದಿದ್ರೆ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತೆ?

ಚೆಂದಕ್ಕೇ ಬರುತ್ತೆ. ಕೌಂಟರ್ ಸ್ಟ್ರೈಕ್‌ಗೆ ಗನ್ ಸ್ಕಿನ್ ಬಂದಿದ್ದು 2013ರಲ್ಲಿ. ಒಂದು ಗುಂಡಿನ ವ್ಯತ್ಯಾಸವೂ ಇಲ್ಲ, ಆದರೂ ಕೆಲವು ಚಾಕುಗಳು ಲಕ್ಷಗಟ್ಟಲೆಗೆ ಕೈ ಬದಲಾಗುತ್ತವೆ.

ಪವರ್ ಮಾರಲು ಹೋಗಿ ಏಟು ತಿಂದವರೂ ಇದ್ದಾರೆ. 2017ರ ನವೆಂಬರ್‌ನಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಬಂತು. ಲೂಟ್ ಬಾಕ್ಸ್‌ನಲ್ಲಿ (ಒಳಗೆ ಏನಿದೆ ಅಂತ ಗೊತ್ತಿಲ್ಲದೆ ತೆಗೆಯೋ ಪೆಟ್ಟಿಗೆ) ಬರೋ ಕಾರ್ಡ್‌ಗಳು ಆಟದಲ್ಲಿ ಬಲ ಕೊಡುತ್ತಿದ್ದವು. ಜನ ಎಷ್ಟು ರೊಚ್ಚಿಗೆದ್ದರು ಅಂದರೆ, ಬಿಡುಗಡೆಯ ಹಿಂದಿನ ದಿನ ದುಡ್ಡು ಕೊಟ್ಟು ಕೊಳ್ಳೋ ವ್ಯವಸ್ಥೆಯನ್ನೇ ಆ ಆಟದ ಇಎ ಕಂಪನಿ ನಿಲ್ಲಿಸಿತು. ಅದೂ ಫ್ರೀ ಆಟವಲ್ಲ, ಪೂರ್ತಿ ಬೆಲೆ ಕೊಟ್ಟು ಕೊಂಡ ಆಟ.

ಸಂಕ್ರಾಂತಿಗೆ ಮಂಡ್ಯದ ಹಳ್ಳಿಗಳಲ್ಲಿ ಎತ್ತುಗಳನ್ನು ನೋಡಿ. ಕೊಂಬಿಗೆ ಬಣ್ಣ, ಟೇಪು, ಬಲೂನು, ಕೊರಳಿಗೆ ಗೆಜ್ಜೆ, ಬೆನ್ನ ಮೇಲೆ ಝೂಲು. ಯಾವ ರೈತನೂ "ಇದರಿಂದ ಎತ್ತು ಎಷ್ಟು ಬೇಗ ಓಡುತ್ತೆ" ಅಂತ ಕೇಳಿ ಬಣ್ಣ ತರಲ್ಲ. ನಮ್ಮ ಹಳ್ಳಿಕಾರ್ ಜೋಡಿ ಊರಲ್ಲೆಲ್ಲಾ ಚೆನ್ನಾಗಿ ಕಾಣಬೇಕು, ಅಷ್ಟೇ ಆಸೆ. ಸ್ಕಿನ್ ಮಾರೋರು ನೆಚ್ಚಿಕೊಂಡಿರೋದೂ ಇದೇ ಆಸೆಯನ್ನ. ಅದು ಸಾಲದು ಅನ್ನೋ ಕಂಪನಿಗೆ ತನ್ನ ಚಿತ್ರ ಬಿಡಿಸೋರ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ.

ನಾನು ದುಡ್ಡು ಕೊಟ್ಟು ತಗೊಂಡ ಸ್ಕಿನ್‌ನ ಆಮೇಲೆ ಬದಲಾಯಿಸಿದ್ರೆ ಅದು ಮೋಸ ಅಲ್ವಾ?

ಈ ಪ್ರಶ್ನೆಗೆ ನನ್ನ ಹತ್ತಿರ ನೇರ ಉತ್ತರ ಇಲ್ಲ, ಯಾಕಂದರೆ ನನಗೇ ಆಗಿದೆ. ಯಾವ ಆಟ ಅಂತ ಹೇಳಲ್ಲ. ಸುಮಾರು ಸಾವಿರದ ಐನೂರು ರೂಪಾಯಿ ಕೊಟ್ಟು ಒಂದು ಕಪ್ಪು ಜಾಕೆಟ್ ತಗೊಂಡಿದ್ದೆ. ಹೌದು, ಇಷ್ಟೆಲ್ಲಾ ಮಾತಾಡೋ ನಾನೇ. ಒಂದು ಅಪ್‌ಡೇಟ್ ಆದ ಮೇಲೆ ನೋಡಿದರೆ ಜಾಕೆಟ್ ಬೂದಿ ಬಣ್ಣಕ್ಕೆ ತಿರುಗಿತ್ತು, ತೋಳಿಗೊಂದು ಬಿಳಿ ಪಟ್ಟಿ ಬೇರೆ. ಇಸ್ತ್ರಿ ಅಂಗಡಿಯವನು ಯಾರದೋ ಬಟ್ಟೆ ಕೊಟ್ಟ ಹಾಗನ್ನಿಸಿತು. ಮೇಲ್ ಹಾಕಿದೆ. ದುಡ್ಡು ವಾಪಸ್ ಬರಲಿಲ್ಲ. "ಕ್ಷಮಿಸಿ" ಅಂತ ರೆಡಿಮೇಡ್ ಉತ್ತರ ಬಂತು.

ಕಂಪನಿ ಬಣ್ಣ ತಿಳಿ ಮಾಡಿದ್ದು ಸರಿ. ದುಡ್ಡು ಇಟ್ಟುಕೊಂಡಿದ್ದು ತಪ್ಪು. ಮಾರೋಕೆ ಮುಂಚೆ ನಾಲ್ಕು ಮ್ಯಾಪ್‌ಗಳ ಕತ್ತಲೆ ಮೂಲೆಯಲ್ಲಿ ಆ ಬಟ್ಟೆ ಹಾಕಿ ನಿಲ್ಲಿಸಿ ನೋಡಿದ್ದರೆ ಅವರಿಗೇ ಗೊತ್ತಾಗುತ್ತಿತ್ತು.

ಹಾಗಾದ್ರೆ ಇದಕ್ಕೆ ಪರಿಹಾರ ಏನು?

ನನಗೆ ಇಷ್ಟವಾಗಿದ್ದು ವ್ಯಾಲೊರಂಟ್ ದಾರಿ. 2020ರಲ್ಲಿ ಬಂದಾಗಿನಿಂದ ಅದು ಮಾರೋದು ಗನ್ ಸ್ಕಿನ್. ಏಜೆಂಟ್‌ಗಳಿಗೆ, ಅಂದರೆ ಪಾತ್ರಗಳಿಗೆ, ಬೇರೆ ಡ್ರೆಸ್ ಇಲ್ಲ. ಜೆಟ್ ಅನ್ನೋ ಏಜೆಂಟ್ ಎದುರಿಗೆ ಬಂದರೆ ಯಾವತ್ತೂ ಜೆಟ್ ಥರಾನೇ ಕಾಣುತ್ತಾಳೆ. ಮೇಲೆ ಎದುರಾಳಿಯ ಸುತ್ತ ಒಂದು ಬಣ್ಣದ ಗೆರೆ ಇರುತ್ತೆ. ಕೆಂಪು, ನೇರಳೆ, ಹಳದಿ, ಯಾವುದು ಬೇಕು ಅಂತ ಆರಿಸಿಕೊಳ್ಳೋದು ನೋಡುವವನು. ಗನ್ ಸ್ಕಿನ್ ಹೆಚ್ಚು ಹೊತ್ತು ಕಾಣೋದು ಹಿಡಿದವನಿಗೇ. ಶೋಕಿ ಅವನದು, ದುಡ್ಡು ಅವನದು, ಕಣ್ಣೂ ಅವನದು.

ಕೌಂಟರ್ ಸ್ಟ್ರೈಕ್ ಇದರ ಉಲ್ಟಾ ಹೋಯಿತು. 2019ರ ನವೆಂಬರ್‌ನಲ್ಲಿ ಏಜೆಂಟ್ ಡ್ರೆಸ್‌ಗಳನ್ನು ತಂದರು. ಅಲ್ಲಿಂದ "ಇವನು ಗೋಡೆಗೆ ಅಂಟಿಕೊಂಡು ಹೋಗ್ತಾನೆ, ಕಾಣ್ತಿಲ್ಲ" ಅನ್ನೋ ಗೋಳು ಶುರುವಾಯಿತು.

ಡ್ರೆಸ್ ಮಾರಲೇಬೇಕು ಅನ್ನೋ ಆಟಗಳಿಗೆ ನಾನು ಹೇಳೋದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಕೊಡಿ: "ಎದುರಾಳಿಗಳ ಡ್ರೆಸ್ ತೋರಿಸಬೇಡ". ನಿಮ್ಮ ಡ್ರೆಸ್ ನಿಮಗೆ ಕಾಣಲಿ, ನಿಮ್ಮ ಸ್ಕ್ವಾಡ್‌ಗೆ (ನಿಮ್ಮ ತಂಡಕ್ಕೆ) ಕಾಣಲಿ, ಲಾಬಿಯಲ್ಲಿ, ಅಂದರೆ ಮ್ಯಾಚ್ ಶುರುವಾಗೋಕೆ ಮುಂಚೆ ಸೇರೋ ಜಾಗದಲ್ಲಿ, ಎಲ್ಲರಿಗೂ ಕಾಣಲಿ. ಹೊಡೆಯೋಕೆ ನಿಂತವನಿಗೆ ಏನು ಕಾಣಬೇಕು ಅಂತ ಅವನೇ ಹೇಳಲಿ. ಇದರಿಂದ ಶೋಕಿ ಕಮ್ಮಿಯಾಗಿ ವ್ಯಾಪಾರ ಬೀಳುತ್ತೆ ಅನ್ನೋದು ಅವರ ಭಯ. ಇರಬಹುದು. ರ್‍ಯಾಂಕ್ ಆಟಕ್ಕಾದರೂ ಕೊಡಿ.

ನಿಮ್ಮ ರೂಮಿನಲ್ಲಿ ಏನು ರೂಲ್ಸ್?

ಮೊದಲು ಕಪ್ಪು ಡ್ರೆಸ್ ಬ್ಯಾನ್ ಮಾಡಿದ್ದೆ. ಮೂರೇ ವಾರ ನಡೀತು. ಮೊದಲ ವಾರ ಒಬ್ಬ ಕಡು ನೀಲಿ ಹಾಕಿಕೊಂಡು ಬಂದ. ಎರಡನೇ ವಾರ ಇನ್ನೊಬ್ಬ "ಇದು ನೇರಳೆ ಅಣ್ಣ, ಬ್ರೈಟ್‌ನೆಸ್ ಜಾಸ್ತಿ ಮಾಡಿ ನೋಡಿ" ಅಂತ ಸ್ಕ್ರೀನ್‌ಶಾಟ್ ಕಳಿಸಿದ. ನೋಡಿದರೆ ನಿಜವಾಗಲೂ ನೇರಳೆ! ಮೂರನೇ ವಾರ ಬಣ್ಣದ ಪಂಚಾಯ್ತಿಯಲ್ಲೇ ಮುಕ್ಕಾಲು ಗಂಟೆ ಹೋಯಿತು. ಕೈಬಿಟ್ಟೆ.

ಈಗ ಇರೋದು ಇಷ್ಟು. ಫ್ರೀ ಫೈರ್ ರೂಮಿನಲ್ಲಿ ಗನ್ ಆಟ್ರಿಬ್ಯೂಟ್, ಅಂದರೆ ಸ್ಕಿನ್ ಕೊಡೋ ಆ ಪ್ಲಸ್, ಮೈನಸ್, ಆಫ್. ಇದರಲ್ಲಿ ಚರ್ಚೆ ಇಲ್ಲ, ರೂಮ್ ಮಾಡುವಾಗಲೇ ಆಫ್ ಮಾಡುತ್ತೇನೆ. ಬಿಜಿಎಂಐಯಲ್ಲಿ ಡ್ರೆಸ್ ನಿಮ್ಮಿಷ್ಟ. ಎಂಟ್ರಿ ಫೀ ಇಲ್ಲ, ದುಡ್ಡಿನ ಬೆಟ್ಟಿಂಗ್ ಇಲ್ಲ. 2025ರಲ್ಲಿ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕಾಯ್ದೆ ಬಂದ ಮೇಲಂತೂ ಆ ಮಾತು ಎತ್ತಲೇಬೇಡಿ. ಗೆದ್ದವರಿಗೆ ಹೆಸರು, ಸೋತವರಿಗೆ ತಮಾಷೆ.

ಗ್ಲೇಸಿಯರ್ ನೋಡಿದ ತಕ್ಷಣ ಕೈ ನಡುಗುತ್ತೆ. ಇದೂ ಪವರ್ ತಾನೆ?

ಅದು ನಿಮ್ಮ ಕೈಯ ಸಮಸ್ಯೆ. ಒಂದು ಸಮಾಧಾನ ಹೇಳುತ್ತೇನೆ. ಜರ್ಬಾಗಿ ಡ್ರೆಸ್ ಹಾಕಿದವನನ್ನು ಲಾಬಿಯಲ್ಲಿ ಎಲ್ಲರೂ ಗುರುತು ಹಿಡಿದಿರುತ್ತಾರೆ, ಇಳಿದ ತಕ್ಷಣ ಮೂರು ಸ್ಕ್ವಾಡ್ ಅವನ ಹಿಂದೆ ಬೀಳುತ್ತೆ.

ನನ್ನ ಮಗ ಯುಸಿ ಬೇಕು ಅಂತ ಹಟ ಮಾಡ್ತಾನೆ. ಕೊಡಿಸ್ಲಾ?

ಇದನ್ನು ಕೇಳೋದು ಅಮ್ಮಂದಿರು, ಸಾಮಾನ್ಯವಾಗಿ ಭಾನುವಾರ ಬೆಳಿಗ್ಗೆ. ಮೊದಲ ವಿಷಯ, ಅದಿಲ್ಲದೆ ಅವನು ಸೋಲಲ್ಲ. "ಸ್ಕಿನ್ ಇಲ್ಲ ಅಂದ್ರೆ ಆಡೋಕಾಗಲ್ಲ ಅಮ್ಮ" ಅಂದರೆ ಬಿಜಿಎಂಐ ಮಟ್ಟಿಗೆ ಅದು ಸುಳ್ಳು. ಎರಡನೇದು, ಇಷ್ಟೇ ಬೆಲೆ ಅಂತ ಬರೆದಿರೋ ಡ್ರೆಸ್ ಬೇರೆ, ಕ್ರೇಟ್ ಬೇರೆ. ಕ್ರೇಟ್ ಅಂದರೆ ದುಡ್ಡು ಹಾಕಿ, ಏನು ಬರುತ್ತೋ ಅಂತ ಕಾಯೋದು. ಬೆಲ್ಜಿಯಂ ದೇಶ 2018ರಲ್ಲಿ ಇಂಥ ದುಡ್ಡಿನ ಲೂಟ್ ಬಾಕ್ಸ್‌ಗಳನ್ನು ಜೂಜಿನ ಕಾನೂನಿನ ಕೆಳಗೆ ತಂದಿತು. ಹುಟ್ಟುಹಬ್ಬಕ್ಕೆ ಅಂತ ಒಂದು ಡ್ರೆಸ್ ಕೊಡಿಸಿ ಬೇಕಾದರೆ. ಕ್ರೇಟ್‌ಗೆ ಕೊಡಬೇಡಿ. ನಿಮ್ಮ ಯುಪಿಐ ಪಿನ್ ಅಂತೂ ಯಾವ ಕಾರಣಕ್ಕೂ ಹೇಳಬೇಡಿ. ನನ್ನ ಅಕ್ಕ ಹೇಳಿ ಕೆಟ್ಟಿದ್ದಾಳೆ.

ಮುಂದಿನ ರೂಮ್ ಯಾವಾಗ?

ಭಾನುವಾರ ರಾತ್ರಿ 9ಕ್ಕೆ. ಐಡಿ, ಪಾಸ್‌ವರ್ಡ್ 8:45ಕ್ಕೆ ಹಾಕುತ್ತೇನೆ. ಮಂಡ್ಯದ ಕಡೆ ಕರೆಂಟ್ ಹೋಗಿ ವೈಫೈ ಬಿದ್ದರೆ ಫೋನ್ ಮಾಡಿ, ಹತ್ತು ನಿಮಿಷ ಕಾಯೋಣ. ಹಸಿರು ಡ್ರೆಸ್ ಹುಡುಗ ಈ ಸಲ ಹಿಮ ತುಂಬಿದ ವಿಕೆಂಡಿ ಮ್ಯಾಪ್ ಇಡಿ ಅಂತ ಕೇಳಿದ್ದಾನೆ, ಬಿಳಿ ಡ್ರೆಸ್ ತಗೊಂಡಿದ್ದಾನಂತೆ.